ರೇ ಕ್ರಿಬ್ ಹಾಕಿದ ಬಾಗಿಲು

ಗ್ರಿಮ್ಸ್‌ಬಿಯಲ್ಲಿ ರೇ ಕ್ರಿಬ್ ಡ್ರಮ್ ಬಾರಿಸಲು ಕೂತನೆಂದರೆ ಬಂದರಿನ ಬೆಕ್ಕುಗಳೆಲ್ಲ ಎದ್ದು ಬರುತ್ತಿದ್ದವು. ಇದು ಬಾಯಿಗೆ ಬಂದ ಮಾತಲ್ಲ. ಪಕ್ಕದ ಊರು ಕ್ಲೀಥೋರ್ಪ್ಸಿನ ಒಂದು ಕ್ಲಬ್ಬಿನಲ್ಲಿ ಟಿಕೆಟ್ ಕೊಂಡವರಿಗಿಂತ ಬೆಕ್ಕುಗಳೇ ಹೆಚ್ಚಾಗಿದ್ದವು. ಕೊನೆಯ ಹಾಡಿನವರೆಗೂ ಎದ್ದುಹೋಗದೆ ಕೂತದ್ದೂ ಅವೇ. ಅವಕ್ಕೂ ಟಿಕೆಟ್ ಹಾಕಬೇಕೆಂದು ಮಾಲೀಕ ತಕರಾರು ತೆಗೆದಿದ್ದ.

ರೇಯ ಅಪ್ಪ ವಾಲ್ಟರ್ ಕ್ರಿಬ್ ಹೊಗೆಮನೆಯ ಕೆಲಸಗಾರ. ಹ್ಯಾಡಕ್ ಮೀನನ್ನು ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಕಂಬಿಗೆ ನೇತುಹಾಕಿ, ಮರದ ಹೊಟ್ಟಿನ ಹೊಗೆ ಕೊಡುವ ಜಾಗ ಅದು. ಮನೆಯಲ್ಲಿ ಡ್ರಮ್ ಇಡಲು ಜಾಗವಿರಲಿಲ್ಲವಾದ್ದರಿಂದ ಅದು ಮೀನಿನ ಕೆಳಗೇ ಇರುತ್ತಿತ್ತು. ಯಾವುದೋ ಕಾಲದ ಡಾನ್ಸ್ ಬ್ಯಾಂಡಿನವರು ಮಾರಿದ ಡ್ರಮ್ಮು, ಕರುವಿನ ಚರ್ಮದ್ದು. ವರ್ಷಗಟ್ಟಲೆ ಹೊಗೆ ಕುಡಿದು ಆ ಚರ್ಮ ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು. ಕೋಲು ಬಿದ್ದಾಗಲೆಲ್ಲ ಸದ್ದಿನ ಜೊತೆಗೆ ವಾಸನೆಯೂ ಏಳುತ್ತಿತ್ತು.

"ಅವು ನನ್ನ ತಾಳ ಕೇಳೋಕೆ ಬರೋದು," ಎನ್ನುತ್ತಿದ್ದ ರೇ.

"ತಾಳ ಅಲ್ಲವೋ ಮಗನೇ, ಹ್ಯಾಡಕ್ಕು," ಎನ್ನುತ್ತಿದ್ದ ಅಪ್ಪ. "ನಿನ್ನ ತಾಳ ಕೇಳಿದ್ರೆ ಅವೂ ಓಡಿಹೋಗೋವು. ಉಚ್ಚೆ ಅವಸರವಾದೋನ ಹಾಗೆ ಬಾರಿಸ್ತೀಯ."

ವಾಲ್ಟರ್ ಕ್ರಿಬ್ ಮಗನನ್ನು ಹೊಗಳಿದ್ದನ್ನು ಯಾರೂ ಕೇಳಿರಲಿಲ್ಲ. ಹೆಂಡತಿ ಬಸ್ ಕಂಡಕ್ಟರನೊಬ್ಬನ ಜೊತೆ ಲಿಂಕನ್‌ಗೆ ಹೊರಟುಹೋದ ಮೇಲೆ ಆ ಮನೆಯಲ್ಲಿ ಇಬ್ಬರೇ ಉಳಿದಿದ್ದರು. ಅಪ್ಪ ಮಾತು ಕಡಿಮೆ ಮಾಡಿದ. ಮಗ ಬಾಗಿಲನ್ನು ಜೋರಾಗಿ ಹಾಕುವುದನ್ನು ಕಲಿತ. ಅಪ್ಪನ ಬಾಯಿಂದ ಒಮ್ಮೆ, ಒಂದೇ ಒಂದು ಸಲ, 'ಪರವಾಗಿಲ್ಲ ಕಣೋ, ಚೆನ್ನಾಗಿ ಬಾರಿಸಿದೀಯ' ಎನ್ನಿಸಿಕೊಳ್ಳಬೇಕು ಎಂಬುದಷ್ಟೇ ರೇಯ ಆಸೆ. ಉಳಿದದ್ದೆಲ್ಲ, ಹೆಸರು, ಹುಡುಗಿಯರು, ಚರ್ಮದ ಜಾಕೆಟ್ಟು, ಬಂದರೆ ಬರಲಿ ಎಂದಿದ್ದ.

ಬ್ಯಾಂಡಿನ ಹೆಸರು ಪೇಪರ್ ಆಡ್ಮಿರಲ್ಸ್. ಒಂದೇ ಶಾಲೆಯ ಮೂವರು: ಹಾಡಲು ಏಡ್ರಿಯನ್ ಟಾಸ್ಕರ್, ಕೀಬೋರ್ಡಿಗೆ ಗ್ಲೆನಿಸ್, ಡ್ರಮ್ಮಿಗೆ ರೇ. ಲಂಡನ್ನಿನ ಒಂದು ರೆಕಾರ್ಡ್ ಕಂಪನಿ ಯಾವ ಗ್ರಹಚಾರಕ್ಕೋ ಇವರ ಮೊದಲ ಆಲ್ಬಮ್ ತಂದಿತು. ಅದನ್ನು ನೆಂಟರು ಕೊಂಡರು. ನೆಂಟರೂ ಎಲ್ಲರೂ ಕೊಳ್ಳಲಿಲ್ಲ. ಗ್ಲೆನಿಸ್‌ಳ ಚಿಕ್ಕಮ್ಮ ಮಾತ್ರ ಎರಡು ಕೊಂಡಳು. ಒಂದನ್ನು ಬಿಸಿನೀರಲ್ಲಿ ಬಗ್ಗಿಸಿ ಹೂಕುಂಡ ಮಾಡಿದ್ದಳು. ಅದು ಚೆನ್ನಾಗಿ ಬಂದಿತ್ತು, ಕಿಟಕಿಯ ಇನ್ನೊಂದು ಮೂಲೆಗೂ ಒಂದು ಬೇಕೆನಿಸಿತು.

ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟರು. ಎರಡನೆಯ ಆಲ್ಬಮ್ಮೂ ಮುಳುಗಿದರೆ ಮೂವರೂ ಊರಿಗೆ ಹೋಗಿ ಮೀನು ಸೀಳಬಹುದು ಎಂಬ ಮಾತಾಯಿತು. ಜೊತೆಗೆ ಹ್ಯಾಸ್ಕಮ್ ಎಂಬೊಬ್ಬ ನಿರ್ಮಾಪಕನನ್ನು ತಲೆಯ ಮೇಲೆ ಕೂರಿಸಿದರು. ಎಂಬತ್ತಮೂರನೇ ಇಸವಿಯ ಲಂಡನ್ ಮಳೆಯಲ್ಲೂ ಬಿಳಿ ಶೂ ಹಾಕಿಕೊಂಡು, ಅದಕ್ಕೆ ಒಂದು ಕಲೆಯೂ ಆಗದಂತೆ ನಡೆಯುವ ಮನುಷ್ಯ. ಸ್ಟುಡಿಯೋದೊಳಗೆ ಕಾಲಿಟ್ಟವನೇ ಮೂಗು ಹಿಡಿದುಕೊಂಡ.

"ಇಲ್ಲಿ ಯಾರು ಸತ್ತಿದಾರೆ?"

"ಅದು ನನ್ನ ಡ್ರಮ್ಮು," ಎಂದ ರೇ.

ಡ್ರಮ್ಮನ್ನು ಅಂಗಳಕ್ಕೆ ಹೊರಿಸಿ, ಆಸ್ಪತ್ರೆ ತೊಳೆಯುವ ಕೆಂಪು ಸೋಪು ಹಾಕಿ ಉಜ್ಜಿಸಲಾಯಿತು. ಲಂಡನ್ನಿನ ಬೆಕ್ಕುಗಳು ಆ ಸಂಜೆಯವರೆಗೂ ಮೋರಿಯ ಸುತ್ತ ಕೂತಿದ್ದವು. ಮಾರನೆಯ ದಿನ ಒಂದೂ ಬರಲಿಲ್ಲ.

ಆ ಮಾರನೆಯ ದಿನವೇ ಹ್ಯಾಸ್ಕಮ್ ಒಂದು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಬಿಸ್ಕತ್ತಿನ ಬಣ್ಣ, ಸಾಲಾಗಿ ಗುಂಡಿಗಳು. "ಇವನ ಹೆಸರು ಸೆಡ್ರಿಕ್," ಎಂದ. "ಇವನಿಗೆ ಹಸಿವಿಲ್ಲ, ಬೇಜಾರಿಲ್ಲ, ಊರಿಗೆ ಹೋಗಬೇಕು ಅನ್ನಲ್ಲ."

"ಬಾರಿಸೋಕೆ ಬರುತ್ತಾ?"

"ಅದೊಂದು ಬಿಟ್ಟು ಇನ್ನೇನೂ ಬರಲ್ಲ. ನಿಂಗೆ ಉಲ್ಟಾ."

ಏಡ್ರಿಯನ್ ನಕ್ಕ. ಗ್ಲೆನಿಸ್ ನಗಲಿಲ್ಲ, ಆದರೆ ಪೆಟ್ಟಿಗೆ ಇಡಲು ಮೇಜಿನ ಮೇಲಿದ್ದ ಕಪ್ಪುಗಳನ್ನು ಸರಿಸಿದಳು. ಗುಂಡಿ ಒತ್ತಿದರೆ ಡ್ರಮ್ಮಿನ ಸದ್ದು ಮಾಡುವ ಯಂತ್ರ ಅದು. ಅಲ್ಲಿಂದಾಚೆ ಸೆಡ್ರಿಕ್ ಬಾರಿಸಿದ, ರೇ ಚಹಾ ಮಾಡಿದ. ಸ್ಟುಡಿಯೋದ ಥಂಡಿಗೆ ಸೆಡ್ರಿಕ್ ಸ್ವಲ್ಪ ನಿಧಾನವಾಗುತ್ತಾನೆ ಎಂದು ಯಾರೋ ಅಂದರು. ಗ್ಲೆನಿಸ್ ತನ್ನ ಉಣ್ಣೆಯ ಮೇಲಂಗಿ ಬಿಚ್ಚಿ ಅವನಿಗೆ ಹೊದಿಸಿದಳು. ರೇಗೆ ನೆಗಡಿಯಾಯಿತು. ಕಾರಿನಲ್ಲಿ ಮುಂದಿನ ಸೀಟು ಸೆಡ್ರಿಕ್‌ಗೆ. ಹಿಂದೆ ಕುಲುಕಿದರೆ ಅವನ ನೆನಪಿನಲ್ಲಿದ್ದದ್ದು ಅಳಿಸಿಹೋದೀತು ಎಂಬ ಭಯ. ರೇಯ ನೆನಪಿನಲ್ಲಿದ್ದದ್ದು ಅಳಿಸಿಹೋದರೆ ಯಾರಿಗೂ ನಷ್ಟವಿರಲಿಲ್ಲ, ಅವನು ಹಿಂದೆ ಕೂತ.

"ಒಂದು ಹಾಡಾದ್ರೂ ನಂಗೆ ಕೊಡಿ," ಎಂದು ರೇ ಕೇಳುತ್ತಲೇ ಇದ್ದ. "ಒಂದೇ ಒಂದು."

"ಕೊನೇದು ಬರಲಿ, ನೋಡೋಣ," ಎನ್ನುತ್ತಿದ್ದ ಹ್ಯಾಸ್ಕಮ್.

ಕೊನೆಯ ಹಾಡು 'ಮಂಗಳವಾರ ಬರಬೇಡ'. ರೇ ಕೋಲು ಹಿಡಿದು, ಕೂದಲು ಬಾಚಿಕೊಂಡು ಬಂದ. ಅಷ್ಟರಲ್ಲಿ ಸೆಡ್ರಿಕ್ ಅದನ್ನೂ ಮುಗಿಸಿದ್ದ.

"ಹೇಳಿದ್ರಲ್ಲ ಸಾರ್."

"ನೋಡೋಣ ಅಂದೆ. ನೋಡಿದೆ," ಎಂದ ಹ್ಯಾಸ್ಕಮ್. "ನೀನು ಫೋಟೋದಲ್ಲಿ ಚೆನ್ನಾಗಿ ಬರ್ತೀಯ ಕಣಯ್ಯ. ಅದೇನು ಸಣ್ಣ ವಿಷಯವಾ?"

ರೇ ಏಡ್ರಿಯನ್‌ನ ಮುಖ ನೋಡಿದ. "ನೀನೂ ಏನಾದ್ರೂ ಹೇಳೋ."

"ಲೋ, ಆಲ್ಬಮ್ ಎದ್ರೆ ಎಲ್ಲರೂ ಏಳ್ತೀವಿ," ಎಂದ ಏಡ್ರಿಯನ್. "ಯಾರು ಬಾರಿಸಿದ್ರು ಅಂತ ಯಾರು ಕೇಳ್ತಾರೆ?"

ಒಬ್ಬ ಮುದುಕ ಕೇಳುತ್ತಾನೆ ಎಂಬುದು ರೇಗೆ ಗೊತ್ತಿತ್ತು. ಹೊರಗೆ ಹೋದ, ಬಾಗಿಲನ್ನು ಗ್ರಿಮ್ಸ್‌ಬಿಯ ಮನೆಯಲ್ಲಿ ಹಾಕುತ್ತಿದ್ದ ಹಾಗೆಯೇ ಹಾಕಿದ. ಗೋಡೆಯ ಮೇಲಿನ ಗಡಿಯಾರ ಬಿತ್ತು.

ಮೈಕು ಆರಿಸಿರಲಿಲ್ಲ. ಒಳಗೆ ಹ್ಯಾಸ್ಕಮ್ ಟೇಪನ್ನು ಹಿಂದಕ್ಕೆ ತಿರುಗಿಸಿ ಕೇಳಿದ. ಮತ್ತೆ ಕೇಳಿದ. "ಇದೇ ಬೇಕಾಗಿತ್ತು," ಎಂದ. ಆ ಸದ್ದನ್ನು ತೆಗೆದು ಸೆಡ್ರಿಕ್‌ನ ಹೊಟ್ಟೆಗೆ ಹಾಕಿದ. ಏಡ್ರಿಯನ್ 'ಬರಬೇಡ' ಎಂದಾಗಲೆಲ್ಲ ಸೆಡ್ರಿಕ್ ಒಂದು ಬಾಗಿಲು ಹಾಕುವನು. ಬರಬೇಡ, ಧಡ್. ಬರಬೇಡ, ಧಡ್. ಹೀಗೆ ಇಡೀ ಆಲ್ಬಮ್ಮಿನಲ್ಲಿ ರೇ ಕ್ರಿಬ್‌ನ ಕೈ ತಾಗಿದ್ದು ಒಂದು ಬಾಗಿಲಿಗೆ ಮಾತ್ರ.

ಆಲ್ಬಮ್ ಎದ್ದಿತು. ಸುಮ್ಮನೆ ಏಳಲಿಲ್ಲ, ಹಾಲಿನ ಹಾಗೆ ಉಕ್ಕಿತು. ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಹಲ್ಲು ಕೀಳುವ ಡಾಕ್ಟರ ಕೋಣೆಯಲ್ಲಿ ಅದೇ ಹಾಡು. ದೇಶದ ಮಕ್ಕಳೆಲ್ಲ 'ಬರಬೇಡ' ಎಂದು ಬಾಗಿಲು ಬಡಿಯತೊಡಗಿದವು. ಲೆಸ್ಟರಿನಲ್ಲಿ ಬಾಗಿಲ ಕೀಲು ಸಿಗದೆ ಜನ ಪರದೆ ಕಟ್ಟಿಕೊಂಡರೆಂದು ಸುದ್ದಿ. ಏಡ್ರಿಯನ್ ಟಾಸ್ಕರ್ ಹೆಸರು ಬದಲಿಸಿ ಏಡ್ರಿಯನ್ ವೇಲ್ ಆದ, ಹುಬ್ಬು ತಿದ್ದಿಸಿಕೊಂಡ. ಆಲ್ಬಮ್ಮಿನ ರಟ್ಟಿನ ಮೇಲೆ ಮಾತ್ರ 'ಡ್ರಮ್: ರೇ ಕ್ರಿಬ್' ಎಂದೇ ಅಚ್ಚಾಗಿತ್ತು. ಸೆಡ್ರಿಕ್‌ನ ಹೆಸರು ಹಾಕಿದರೆ ಹುಡುಗಿಯರು ಅವನ ಫೋಟೋ ಕೇಳಿಯಾರು ಎಂದು ಕಂಪನಿಯವರ ಯೋಚನೆ.

ರೇ ಆ ರೆಕಾರ್ಡನ್ನು ಅಪ್ಪನಿಗೆ ಕೊಡಲು ಊರಿಗೆ ಹೋದ. ಅಪ್ಪ ಕೈ ತೊಳೆದು, ಒರೆಸಿ, ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಹಾಕಿದ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ. ಒಂದು ಬದಿ ಪೂರ್ತಿ ಕೇಳಿದ. ರೇ ಅಪ್ಪನ ಎದುರು, ಪರೀಕ್ಷೆ ಬರೆದವನ ಹಾಗೆ ಕೂತಿದ್ದ. ಅಪ್ಪ ತಿರುವಿ ಹಾಕಿ ಎರಡನೆಯ ಬದಿಯನ್ನೂ ಕೇಳಿದ. 'ಬರಬೇಡ, ಧಡ್' ಬಂದಾಗ ಅಪ್ಪ ಕಣ್ಣು ತೆರೆದು, ತಿರುಗಿ ಮನೆಯ ಮುಂಬಾಗಿಲನ್ನು ಒಮ್ಮೆ ನೋಡಿದ. ಅದು ಮುಚ್ಚಿಯೇ ಇತ್ತು.

"ಅದ್ಯಾವ ಪುಂಡ ಬಾಗ್ಲು ಬಡಿಯೋನು?"

"ಅದು... ಹೀಗೇ, ಸ್ಟುಡಿಯೋದಲ್ಲಿ."

"ಹೂಂ." ಅಪ್ಪ ಸೂಜಿ ಎತ್ತಿದ. "ಡ್ರಮ್ಮು ನಿಂದೇನಾ?"

ನಿಜ ಹೇಳಬಹುದಾಗಿತ್ತು. ಹೇಳಲು ಬಾಯಿಯನ್ನೂ ತೆರೆದ.

"ನಂದಲ್ದೆ ಇನ್ಯಾರ್ದು?"

ಅಪ್ಪ ರೆಕಾರ್ಡನ್ನು ರಟ್ಟಿನೊಳಗೆ ಜಾರಿಸಿ, ಅದರ ಮೇಲಿದ್ದ ಮಗನ ಹೆಸರನ್ನು ದೂರ ಹಿಡಿದು ಓದಿದ. "ಚೆನ್ನಾಗಿದೆ," ಎಂದ. "ಗಡಿಯಾರದ ಹಾಗಿದೆ."

ಹುಟ್ಟಿದಂದಿನಿಂದ ಕಾದಿದ್ದ ಮಾತು ಬಂತು, ಆದರೆ ಬೇರೆಯವರ ವಿಳಾಸಕ್ಕೆ. ರೇ ಹೊಗೆಮನೆಯ ಹಿಂದೆ ಹೋಗಿ ಸಿಗರೇಟು ಸೇದಿದ. ಒಂದು ಬೆಕ್ಕು ಬಂದು ಕಾಲು ಮೂಸಿ, ಸೋಪಿನ ವಾಸನೆಗೆ ಸೀನಿ ಹೋಯಿತು.

ಆಮೇಲೆ ಗುರುವಾರದ ಟಿವಿ ಕಾರ್ಯಕ್ರಮದಿಂದ ಕರೆ ಬಂತು. ಆ ಕಾರ್ಯಕ್ರಮದಲ್ಲಿ ಯಾರೂ ನಿಜವಾಗಿ ಹಾಡುವುದಿಲ್ಲ, ಬಾರಿಸುವುದಿಲ್ಲ. ಟೇಪು ಹಾಡುತ್ತದೆ, ಬ್ಯಾಂಡಿನವರು ಬಾಯಿ ಕೈ ಆಡಿಸುತ್ತಾರೆ. ಆದರೆ ವಾದ್ಯಗಾರರ ಸಂಘದ ಒಂದು ನಿಯಮವಿತ್ತು: ಅಂಗಡಿಯಲ್ಲಿ ಮಾರುವ ರೆಕಾರ್ಡನ್ನೇ ಹಾಕುವಂತಿಲ್ಲ. ಬ್ಯಾಂಡಿನವರು ಬೆಳಿಗ್ಗೆ ಬಂದು, ಸಂಘದವನ ಕಣ್ಣೆದುರು, ಹಾಡನ್ನು ಹೊಸದಾಗಿ ಬಾರಿಸಿ ಟೇಪು ಮಾಡಬೇಕು. ತಿಂಗಳುಗಟ್ಟಲೆ ಕೂತು ಮಾಡಿದ ಹಾಡನ್ನು ಒಂದು ಬೆಳಿಗ್ಗೆಯಲ್ಲಿ ಯಾರು ಮಾಡುತ್ತಾರೆ? ಅದಕ್ಕೆ ಒಂದು ಸಂಪ್ರದಾಯ ಬೆಳೆದಿತ್ತು. ಬೆಳಿಗ್ಗೆ ಏನೋ ಒಂದು ಬಾರಿಸುವುದು. ಮಧ್ಯಾಹ್ನ ಸಂಘದವನನ್ನು ಪಕ್ಕದ ಪಬ್ಬಿಗೆ ಊಟಕ್ಕೆ ಕರೆದೊಯ್ಯುವುದು. ಅವನು ತಿಂದು ಕುಡಿದು ಬರುವಷ್ಟರಲ್ಲಿ ಡಬ್ಬಿಯಲ್ಲಿ ಹಳೆಯ ಟೇಪೇ ಇರುವುದು. ಅದು ಅವನಿಗೂ ಗೊತ್ತು. ಅವನಿಗೆ ಗೊತ್ತೆಂಬುದು ಇವರಿಗೂ ಗೊತ್ತು. ನಮ್ಮ ಮದುವೆಗಳಲ್ಲಿ ವರ ಛತ್ರಿ ಹಿಡಿದು ಕಾಶಿಗೆ ಹೊರಟ ಹಾಗೆ. ಯಾರೂ ಟಿಕೆಟ್ ತೆಗೆದಿರುವುದಿಲ್ಲ.

ಬುಧವಾರ ಬೆಳಿಗ್ಗೆ ಬಂದ ಸಂಘದವನ ಹೆಸರು ಪಾರ್ಜಿಟರ್. ಒಂದು ಕಾಲಕ್ಕೆ ಡಾನ್ಸ್ ಬ್ಯಾಂಡಿನಲ್ಲಿ ಟ್ರಂಬೋನ್ ಊದುತ್ತಿದ್ದವನು. ಡಾನ್ಸ್ ಮಾಡುವವರು ಮುದುಕರಾಗಿ ಕೂತ ಮೇಲೆ ಇವನೂ ಸಂಘದ ಕುರ್ಚಿಯಲ್ಲಿ ಕೂತ. ಸೆಡ್ರಿಕ್‌ನನ್ನು ನೋಡಿದವನೇ ಕೇಳಿದ, "ಇವನ ಸದಸ್ಯತ್ವದ ಕಾರ್ಡು ಎಲ್ಲಿ?"

ಕಾರ್ಡಿರಲಿಲ್ಲ. ಸೆಡ್ರಿಕ್‌ನನ್ನು ಬೀರುವಿನಲ್ಲಿಟ್ಟರು. ರೇ ಡ್ರಮ್ಮಿನ ಹಿಂದೆ ಕೂತ. ಆದರೆ ಬಾಗಿಲು? ರೇಗೆ ಎರಡು ಕೈ ಎರಡು ಕಾಲು, ನಾಲ್ಕಕ್ಕೂ ಕೆಲಸವಿತ್ತು. ಏಡ್ರಿಯನ್ ಹಾಡಬೇಕು, ಗ್ಲೆನಿಸ್ ಬಾರಿಸಬೇಕು.

"ನಾನು ಹಾಕ್ತೀನಿ," ಎಂದ ಹ್ಯಾಸ್ಕಮ್.

"ನೀವು ಸದಸ್ಯರಲ್ಲ," ಎಂದ ಪಾರ್ಜಿಟರ್. ಕೋಟು ಬಿಚ್ಚಿ, ಮಡಚಿ, ಕುರ್ಚಿಯ ಬೆನ್ನಿಗೆ ಹಾಕಿ, ತಾನೇ ಹೋಗಿ ಬಾಗಿಲ ಹಿಡಿ ಹಿಡಿದು ನಿಂತ. ಏಡ್ರಿಯನ್ 'ಬರಬೇಡ' ಎಂದಾಗಲೆಲ್ಲ, ಮಲಗಿದ ಕೂಸಿನ ಕೋಣೆಯ ಬಾಗಿಲನ್ನು ಹಾಕುವಂತೆ ಹಾಕಿದ. ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಮಧ್ಯಾಹ್ನವಾಗುತ್ತ ಬಂತು. ಚಹಾ ಪಾತ್ರೆಯ ಹತ್ತಿರ ರೇ ಅವನನ್ನು ಹಿಡಿದ.

"ಸಾರ್, ಒಂದು ಮಾತು. ಇವತ್ತು ಊಟಕ್ಕೆ ಹೋಗ್ಬೇಡಿ."

"ಯಾಕಪ್ಪಾ, ಪಬ್ಬಿನ ಪೈ ಹಳಸಿದೆಯಾ?"

"ಪೈ ಅಲ್ಲ ಸಾರ್. ಟೇಪು."

"ಟೇಪಿನ ವಿಷಯ ನಂಗೆ ಗೊತ್ತಿಲ್ಲ. ಗೊತ್ತಿಲ್ದೆ ಇರೋದೇ ನನ್ನ ಕೆಲಸ."

"ಆ ಟೇಪಲ್ಲಿ ನಾನಿಲ್ಲ. ಆಲ್ಬಮ್ಮಲ್ಲಿ ಎಲ್ಲೂ ಇಲ್ಲ. ಬೆಳಿಗ್ಗೆ ಬಾರಿಸಿದ್ನಲ್ಲ, ಅದೊಂದೇ ನಂದು. ನಮ್ಮಪ್ಪ ನಾಳೆ ಕ್ಲಬ್ಬಲ್ಲಿ ಎಲ್ಲರನ್ನೂ ಕೂರಿಸ್ಕೊಂಡು ನೋಡ್ತಾನೆ."

ಪಾರ್ಜಿಟರ್ ಚಹಾ ಕಲಕಿದ. ಸಕ್ಕರೆ ಕರಗಿದ ಮೇಲೂ ಕಲಕಿದ. "ಟೇಪು ಬದಲಾದ್ರೆ ಬೆಳಗಿನ ಬಾಗ್ಲೂ ಹೋಗುತ್ತಲ್ವಾ?"

"ಹೋಗುತ್ತೆ ಸಾರ್."

"ನಾನು ಟೇಪಲ್ಲಿ ಕೇಳಿಸಿ ಎಷ್ಟು ಕಾಲ ಆಯ್ತು ಗೊತ್ತಾ? ನನ್ನ ಹೆಂಡತಿ ನಂಬೋದಿಲ್ಲ, ಬಾರಿಸ್ತಿದ್ದೆ ಅಂದ್ರೆ." ಕಪ್ಪು ಕೆಳಗಿಟ್ಟ. "ನಂಗೆ ಹಸಿವಿಲ್ಲ ಕಣಪ್ಪ."

ಹ್ಯಾಸ್ಕಮ್ ಬಂದು ಊಟಕ್ಕೆ ಕರೆದ. ಹೊಟ್ಟೆ ಸರಿಯಿಲ್ಲ ಎಂದ ಪಾರ್ಜಿಟರ್. ಪಬ್ಬಿನಲ್ಲಿ ಒಳ್ಳೆಯ ಸೂಪಿದೆ ಎಂದ ಹ್ಯಾಸ್ಕಮ್. ವೈದ್ಯರು ಸೂಪು ಬೇಡವೆಂದಿದ್ದಾರೆ ಎಂದ ಪಾರ್ಜಿಟರ್. ಬಿಯರ್? ಅದನ್ನಂತೂ ನೋಡಲೂಬಾರದಂತೆ. ಆಮೇಲೆ ಟೇಪಿನ ಡಬ್ಬಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಪತ್ರಿಕೆ ಬಿಡಿಸಿದ. ಬಿಳಿ ಶೂ ಕೋಣೆಯಲ್ಲಿ ಆಚೆ ಈಚೆ ನಡೆಯಿತು. ನಿಯಮ ಯಾಕೆ ಮುರಿಯುತ್ತಿಲ್ಲ ಎಂದು ಯಾರನ್ನೂ ಬೈಯುವ ಹಾಗಿರಲಿಲ್ಲ.

"ಇದು ನಿನ್ನ ಕೆಲಸಾನಾ?" ಎಂದು ಗ್ಲೆನಿಸ್ ರೇಯ ಕಿವಿಯಲ್ಲಿ ಕೇಳಿದಳು. "ಮನೆಹಾಳ."

ಮಧ್ಯಾಹ್ನ ಕ್ಯಾಮೆರಾದ ಮುಂದೆ ರೇ ಸದ್ದಾಗದ ರಬ್ಬರ್ ತಟ್ಟೆಗಳ ಹಿಂದೆ ಕೂತ. ಅವನದೇ ಬಾರಿಸುವಿಕೆ ಟೇಪಿನಿಂದ ಬಂತು. ಅದಕ್ಕೆ ಕೈ ಕೂಡಿಸಬೇಕು, ಅಷ್ಟೆ. ಕೂಡಲಿಲ್ಲ. ಟೇಪಿನ ರೇ ಮುಂದೆ ಓಡುತ್ತಿದ್ದ, ಕ್ಯಾಮೆರಾದ ರೇ ಅವನನ್ನೂ ಹಿಂದೆ ಹಾಕಿ ಓಡುತ್ತಿದ್ದ. ಹಾಡು ಮುಗಿದಾಗ ಇವನು ಮುಗಿಸಿ ಆಗಲೇ ಕೈ ಒರೆಸಿಕೊಳ್ಳುತ್ತಿದ್ದ.

ಗುರುವಾರ ಸಂಜೆ ಬಂದರಿನ ಕೆಲಸಗಾರರ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇ ಅಪ್ಪನ ಪಕ್ಕದಲ್ಲಿ ಕೂತಿದ್ದ. ಟಿವಿಯಲ್ಲಿ ಮಗ ಕಂಡಾಗ ಹೆಗಲು ತಟ್ಟಿದವರೆಲ್ಲ ಅಪ್ಪನ ಹೆಗಲನ್ನೇ ತಟ್ಟಿದರು. ಹಾಡು ಮುಗಿಯಿತು. ಜನ ಕೂಗಿದರು, ಗ್ಲಾಸು ಎತ್ತಿದರು. ಅಪ್ಪ ಎತ್ತಲಿಲ್ಲ. ಬಿಯರಿನ ನೊರೆ ಇಳಿಯುವುದನ್ನೇ ನೋಡುತ್ತ ಕೂತ.

"ಹೇಗಿತ್ತಪ್ಪ?"

"ಏನಾಯ್ತೋ ನಿಂಗೆ? ಉಚ್ಚೆ ಅವಸರವಾಗಿತ್ತಾ?"

ರೇ ತನ್ನ ಗ್ಲಾಸನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ.

"ಬಾಗ್ಲು ಮಾತ್ರ ಈ ಸಲ ಯಾರೋ ಮರ್ಯಾದಸ್ಥರು ಹಾಕಿದಾರೆ," ಎಂದ ಅಪ್ಪ.

"ಹೆದರಿಕೆ ಆಗ್ಬಿಡ್ತಪ್ಪ. ಟಿವಿ ಅಲ್ವಾ."

"ಇರಲಿ," ಎಂದು ಅಪ್ಪ ಬಿಯರ್ ಕುಡಿದ. ಪಾರ್ಜಿಟರನ ಹೆಂಡತಿ ಏನಂದಳೋ ಗೊತ್ತಾಗಲಿಲ್ಲ.

ಮಾರನೆಯ ವಾರ ಆಲ್ಬಮ್ ದೇಶದಲ್ಲೇ ಮೊದಲನೆಯ ಸ್ಥಾನಕ್ಕೆ ಹೋಯಿತು. ಟಿವಿಯಲ್ಲಿ ಬಂದದ್ದು ಬೇರೆ ಟೇಪೆಂದು ರೆಕಾರ್ಡು ಕೊಂಡ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಪೆಟ್ಟಿಗೆಗೂ ಮನುಷ್ಯನಿಗೂ ವ್ಯತ್ಯಾಸವಿದೆ ಎಂದಾದರೂ ಆಗಿ, ರೇಗೆ ಕೆಲಸ ಉಳಿಯುತ್ತಿತ್ತೋ ಏನೋ. ಕಂಪನಿಯವರು ಅವನನ್ನು ಕರೆಸಿದರು. ಊರೂರು ತಿರುಗುವ ಕಾರ್ಯಕ್ರಮ ಬರುತ್ತಿದೆ, ಡ್ರಮ್ಮಿನ ಜಾಗದಲ್ಲಿ ಸೆಡ್ರಿಕ್, ಬೆಳ್ಳಿಯ ಕಂಬದ ಮೇಲೆ, ದೀಪ ಹಾಕಿ.

"ಮತ್ತೆ ನಾನು?"

"ನಿಂಗೂ ಇದೆ," ಎಂದ ಹ್ಯಾಸ್ಕಮ್. ಬಾಗಿಲು ತೋರಿಸಿದ.

ಹೊರಗೆ ಹೋಗು ಎಂದಲ್ಲ. ಗೋಡೆಗೆ ಒರಗಿಸಿಟ್ಟ ಒಂದು ಹೊಸ ಬಾಗಿಲಿತ್ತು. ಚೌಕಟ್ಟು, ಹಿತ್ತಾಳೆಯ ಹಿಡಿ, ಕೆಳಗೆ ಚಕ್ರ. ಜನಕ್ಕೆ ಬಾಗಿಲು ಕಣ್ಣಾರೆ ಬೇಕಾಗಿದೆಯಂತೆ. ರೇ ಅದರ ಪಕ್ಕದಲ್ಲಿ ಸೂಟು ಹಾಕಿ ನಿಂತಿದ್ದು, ಏಡ್ರಿಯನ್ 'ಬರಬೇಡ' ಎಂದಾಗ ಹಾಕಬೇಕು. "ಟಿವೀಲಿ ಹಾಕಿದ ಹಾಗಲ್ಲ," ಎಂದ ಹ್ಯಾಸ್ಕಮ್. "ಮೊದಲು ಹಾಕಿದ್ಯಲ್ಲ, ಹಾಗೆ."

ರೇ ಒಪ್ಪಿಕೊಂಡ. ಹೊಗೆಮನೆ ಅಷ್ಟರಲ್ಲಿ ಮುಚ್ಚಿತ್ತು. ಐಸ್‌ಲ್ಯಾಂಡಿನವರು ಇಲ್ಲಿನ ಮೀನುದೋಣಿಗಳನ್ನು ತಮ್ಮ ಸಮುದ್ರದಿಂದ ಓಡಿಸಿದ ಮೇಲೆ ಬಂದರಿಗೆ ಮೀನು ಬರುವುದೇ ಕಡಿಮೆಯಾಗಿತ್ತು.

ಬರ್ಮಿಂಗ್‌ಹ್ಯಾಮ್, ಲೀಡ್ಸ್, ಗ್ಲಾಸ್ಗೋ, ಎಲ್ಲೆಡೆ ಏಡ್ರಿಯನ್‌ಗಿಂತ ಬಾಗಿಲಿಗೇ ಹೆಚ್ಚು ಚಪ್ಪಾಳೆ. ನ್ಯೂಕಾಸಲ್‌ನಲ್ಲಿ ಒಬ್ಬಳು ಹುಡುಗಿ ವೇದಿಕೆ ಹತ್ತಿ ಬಾಗಿಲಿಗೆ ಮುತ್ತು ಕೊಟ್ಟಳು. ಪಕ್ಕದಲ್ಲೇ ನಿಂತಿದ್ದ ರೇಗೆ 'ಸ್ವಲ್ಪ ಸರಿಯಪ್ಪಾ' ಎಂದಳು. ಕೊನೆಗೆ ಗ್ರಿಮ್ಸ್‌ಬಿ ಬಂತು. ಶನಿವಾರ ಮಧ್ಯಾಹ್ನದ ಆಟ. ಮುಂದಿನ ಸಾಲಿನಲ್ಲಿ ವಾಲ್ಟರ್ ಕ್ರಿಬ್, ಮದುವೆಯ ಕೋಟು ಹಾಕಿಕೊಂಡು. ಬರಬೇಡವೆಂದು ರೇ ಎಷ್ಟು ಹೇಳಿದ್ದರೂ ಬಂದಿದ್ದ. ವೇದಿಕೆಯ ಮೇಲೆ ಡ್ರಮ್ಮಿನ ಸದ್ದು ತಾನಾಗಿ ಮೊಳಗುತ್ತಿತ್ತು, ಬೆಳ್ಳಿ ಕಂಬದ ಮೇಲೆ ಬಿಸ್ಕತ್ತಿನ ಬಣ್ಣದ ಪೆಟ್ಟಿಗೆ ಹೊಳೆಯುತ್ತಿತ್ತು, ಮಗ ಬಾಗಿಲು ಹಿಡಿದುಕೊಂಡು ನಿಂತಿದ್ದ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ರೇ ಆವತ್ತು ಹಾಕಿದ ಹಾಗೆ ಬಾಗಿಲನ್ನು ಯಾವತ್ತೂ ಹಾಕಿರಲಿಲ್ಲ. ಸಭಾಂಗಣದ ಸುಣ್ಣ ಉದುರಿತು. ಜನ ಎದ್ದು ನಿಂತು ಕೂಗಿದರು.

ಆಟ ಮುಗಿದ ಮೇಲೆ ಅಪ್ಪ ಮಗ ಇಬ್ಬರೂ ನಡೆದೇ ಹೊರಟರು. ಚಿಪ್ಸ್ ಕೊಂಡರು. ವಿನಿಗರ್ ಹಾಕಿಸಿದರು. ತಿನ್ನುತ್ತ ಮಾರುಕಟ್ಟೆ ದಾಟಿದರು.

"ನಿಂಗೆ ಮೊದಲೇ ಹೇಳ್ಬೇಕಿತ್ತಪ್ಪ," ಎಂದ ರೇ.

"ಏನನ್ನ?"

"ರೆಕಾರ್ಡಲ್ಲಿ ಬಾರಿಸಿದ್ದು ನಾನಲ್ಲ ಅಂತ."

"ಗೊತ್ತಿತ್ತು."

ರೇ ನಿಂತ. ಅಪ್ಪ ನಿಲ್ಲಲಿಲ್ಲ, ಆದ್ದರಿಂದ ಇವನೂ ನಡೆಯಬೇಕಾಯಿತು.

"ಆ ಬಾಗ್ಲು ಕೇಳಿಸಿದ ತಕ್ಷಣ ಗೊತ್ತಾಯ್ತು," ಎಂದ ಅಪ್ಪ. "ನಿಮ್ಮಮ್ಮ ಹೋದಾಗಿಂದ ದಿನಾ ಕೇಳಿದೀನಿ ಅದನ್ನ. ಬಾಗ್ಲು ನಿಂದು ಅಂದ್ಮೇಲೆ ಡ್ರಮ್ಮು ನಿಂದಲ್ಲ. ಎರಡೂ ಒಬ್ಬನೇ ಮಾಡಿದ್ರೆ ಒಂದೇ ಥರ ಇರ್ತಿತ್ತು."

"ಮತ್ತೆ ಚೆನ್ನಾಗಿದೆ ಅಂದೆ?"

"ಚೆನ್ನಾಗಿತ್ತು. ಗಡಿಯಾರದ ಹಾಗೆ ಅಂದೆ. ನಿನ್ನ ಹಾಗೆ ಅಂದ್ನಾ? ನಿಂದೇನಾ ಅಂತ ನಾನು ಕೇಳ್ದೆ, ನೀನು ಹೂಂ ಅಂದೆ. ನೀನು ಹೂಂ ಅಂದ್ಮೇಲೆ ನಾನೇನು ಅನ್ನೋದು?"

ಒಂದು ಬೆಕ್ಕು ಗೋಡೆಯಿಂದಿಳಿದು ಚಿಪ್ಸಿನ ಕಾಗದ ಹಿಂಬಾಲಿಸಿತು. ಅಪ್ಪ ಅದಕ್ಕೊಂದು ಚೂರು ಎಸೆದ.

"ಟಿವೀಲಿ?" ಎಂದು ಕೇಳಿದ ರೇ. ಕೇಳಬಾರದಿತ್ತೆಂದು ಕೇಳುವಾಗಲೇ ಅನ್ನಿಸಿತು. "ಟಿವೀಲಿ ಬಾರಿಸಿದ್ದು ಯಾರು ಅಂತ ಗೊತ್ತಾಯ್ತಾ?"

"ನೀನು. ಎರಡನೇ ಸಾಲಿಗೇ ಗೊತ್ತಾಯ್ತು."

"ಗೊತ್ತಿದ್ದೂ ಹಾಗಂದ್ಯಾ?"

ಅಪ್ಪ ಮನೆಯ ಮೆಟ್ಟಿಲ ಮೇಲೆ ನಿಂತು ಬೀಗದ ಕೈ ಹುಡುಕಿದ. ಬಲಜೇಬು, ಎಡಜೇಬು, ಮತ್ತೆ ಬಲಜೇಬು.

"ಚೆನ್ನಾಗಿರ್ಲಿಲ್ಲ ಕಣೋ," ಎಂದ. "ಅದಕ್ಕೆ."

ಬಾಗಿಲು ತೆಗೆದು ಒಳಗೆ ಹೋದ. ಕೋಟು ತೆಗೆದು ಮೊಳೆಗೆ ಹಾಕುತ್ತ, ತಿರುಗಿ ನೋಡದೆ ಹೇಳಿದ:

"ಮೆಲ್ಲಗೆ ಹಾಕು. ಪಕ್ಕದ ಮನೆಯವಳು ರಾತ್ರಿಪಾಳಿ ಮಾಡಿ ಮಲಗಿದಾಳೆ."

ರೇ ಮೆಲ್ಲಗೆ ಹಾಕಿದ.